ಹಬ್ಬದ ಅಂಕಿ

ದಾಕ್ಷಾಯಿಣಿ ಕೆಲಸ ಮಾಡುವ ಲ್ಯಾಬಿನಲ್ಲಿ ಹೊರಗಿನವರಿಗೆ ತಿಳಿಯದ ಒಂದು ಮಾತು ಚಾಲ್ತಿಯಲ್ಲಿತ್ತು: ಹಬ್ಬದ ಅಂಕಿ. ಕೇಳಿದವರಿಗೆ ಏನೋ ಸಂಭ್ರಮದ ವಿಷಯ ಅನ್ನಿಸಬೇಕು. ಸಂಭ್ರಮವೇನೂ ಅಲ್ಲ. ಕಟ್ಟಡದ ಭಾರ ಬಿದ್ದಾಗ ಅಡಿಯ ಮಣ್ಣು ಎಷ್ಟು ಕುಸಿಯುತ್ತದೆ, ಎಷ್ಟು ವರ್ಷ ಕುಸಿಯುತ್ತದೆ ಎಂದು ಮೊದಲೇ ಹೇಳುವ ಪರೀಕ್ಷೆಯೊಂದಿದೆ. ಅದು ಎಂಟು ಹತ್ತು ದಿನ ಬಿಡದೆ ನಡೆಯಬೇಕು. ಹಿತ್ತಾಳೆಯ ಬಳೆಯೊಳಗೆ ಹೆಬ್ಬೆರಳಷ್ಟು ದಪ್ಪದ ಮಣ್ಣಿನ ಬಿಲ್ಲೆ ಕೂರಿಸಿ, ಸುತ್ತ ನೀರು ತುಂಬಿ, ಮೇಲೆ ದಿನಕ್ಕೊಂದು ತೂಕ ಇಡಬೇಕು, ಇವತ್ತಿನದಕ್ಕಿಂತ ನಾಳೆಯದು ದುಪ್ಪಟ್ಟು. ಪ್ರತಿ ತೂಕಕ್ಕೂ ಕಾಲು ನಿಮಿಷಕ್ಕೆ, ಒಂದು ನಿಮಿಷಕ್ಕೆ, ನಾಲ್ಕಕ್ಕೆ, ಗಂಟೆಗೆ, ಮಾರನೆಯ ದಿನ ಅದೇ ಹೊತ್ತಿಗೆ ಡಯಲಿನ ಮುಳ್ಳು ಎಲ್ಲಿಗೆ ಬಂತೆಂದು ಬರೆಯಬೇಕು. ಮಣ್ಣಿಗೆ ಭಾನುವಾರ ಗೊತ್ತಿಲ್ಲ, ಯುಗಾದಿ ಗೊತ್ತಿಲ್ಲ. ಮನುಷ್ಯರಿಗೆ ಗೊತ್ತಿದೆ. ಹಾಗಾಗಿ ರಜೆ ಮುಗಿಸಿ ಬಂದವರು ಹಳೇ ಹಾಳೆಗಳನ್ನು ಮುಂದಿಟ್ಟುಕೊಂಡು, ಗೆರೆ ಹೀಗೇ ಹೋಗಿರಬಹುದೆಂದು ಅಂದಾಜು ಮಾಡಿ, ಬಿಟ್ಟುಹೋದ ದಿನಗಳ ಅಂಕಿಗಳನ್ನು ಕೂತಲ್ಲೇ ತುಂಬುತ್ತಿದ್ದರು. ಇಪ್ಪತ್ತು ವರ್ಷದಿಂದ ತುಂಬುತ್ತಿದ್ದರು. ಯಾವ ಕಟ್ಟಡವೂ ಬಿದ್ದಿರಲಿಲ್ಲ. ಬೀಳದಿದ್ದ ಮೇಲೆ ಅದನ್ನು ತಪ್ಪು ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಲ್ಯಾಬು ಇದ್ದದ್ದು ಚಿತ್ರದುರ್ಗದಲ್ಲಿ, ಮುಚ್ಚಿಹೋದ ಎಣ್ಣೆ ಗಿರಣಿಯೊಂದರ ಗೋದಾಮಿನಲ್ಲಿ. ಮಾಲೀಕ ಬಸವೇಶ್, ಎಂಜಿನಿಯರು. ದಾಕ್ಷಾಯಿಣಿ ಅವನಲ್ಲಿ ಟೆಕ್ನಿಷಿಯನ್, ಲ್ಯಾಬಿನ ಬೀಗದ ಕೈಯಷ್ಟೇ ಹಳಬಳು. ಹೊಸದುರ್ಗದ ಛತ್ರವಿರಲಿ, ಹಿರಿಯೂರಿನ ಲಾಡ್ಜಿರಲಿ, ಮಣ್ಣಿನ ರಿಪೋರ್ಟಿನ ಕೆಳಗೆ ‘ಪರೀಕ್ಷಿಸಿದವರು’ ಎಂಬಲ್ಲಿ ಅವಳ ದುಂಡನೆಯ ಸಹಿ ಇರುತ್ತಿತ್ತು.

ಆ ಸೋಮವಾರ ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ಒಬ್ಬ ಮನುಷ್ಯ ಚಪ್ಪಲಿ ಬಿಟ್ಟು ನಿಂತಿದ್ದ. ಐವತ್ತರ ಆಸುಪಾಸು, ಹೆಗಲ ಮೇಲೆ ಟವೆಲು, ಎರಡೂ ಕೈಯಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಗಂಟು. ಮಗು ಹಿಡಿದುಕೊಂಡ ಹಾಗೆ ಹಿಡಿದುಕೊಂಡಿದ್ದ.

"ನಾನು ಮುದ್ದಣ್ಣ ಅಂತರಿ. ಗಾರೆ ಮೇಸ್ತ್ರಿ. ಕೆಂಗುಂಟೆ, ಬಿ.ದುರ್ಗದಿಂದ ಆಚೆ," ಎಂದ. "ಇದರಾಗೆ ಮಣ್ಣೈತೆ. ಪರೀಕ್ಷೆ ಮಾಡಿ ಕೊಡ್ತೀರಾ ಮೇಡಂ?"

ಕೆಂಗುಂಟೆ ಎಂದ ಕೂಡಲೇ ದಾಕ್ಷಾಯಿಣಿಗೆ ಇದು ಯಾವ ಜಾಗದ ಮಣ್ಣೆಂದು ಹೊಳೆಯಿತು. ಆದರೂ "ಯಾವ ಜಾಗದ್ದು?" ಎಂದು ಕೇಳಿದಳು.

"ಸ್ಕೂಲಿಂದು."

ಕತೆ ಅವಳು ಊಹಿಸಿದಂತೆಯೇ ಇತ್ತು. ಕೆಂಗುಂಟೆಯವರು ಹಳೇ ಕೆರೆಯಂಗಳದ ಪಕ್ಕ ಎರಡಂತಸ್ತಿನ ಹೈಸ್ಕೂಲು ಕಟ್ಟಿಸಿದ್ದರು. ಕಮಿಟಿಯ ಅಧ್ಯಕ್ಷರು ರೇವಣಸಿದ್ದಪ್ಪ, ನಿವೃತ್ತ ಹೆಡ್‌ಮಾಸ್ಟರು, ಸೀಲಿಲ್ಲದ ಕಾಗದವನ್ನು ಮೂಸಿಯೂ ನೋಡದ ಮನುಷ್ಯ. ಊರಲ್ಲಿ ಎಲ್ಲರೂ ಕಣ್ಣಂದಾಜಿಗೆ ಪಾಯ ತೋಡುವವರೇ ಆಗಿದ್ದರೂ ಅವರು ಮಾತ್ರ ಹಟ ಹಿಡಿದು ಮಣ್ಣು ಪರೀಕ್ಷೆ ಮಾಡಿಸಿದ್ದರು. ನಾಲ್ಕು ವರ್ಷದ ಹಿಂದೆ ರಿಪೋರ್ಟು ಹೋಗಿತ್ತು: ಕಟ್ಟಡ ಒಟ್ಟು ಕುಸಿಯುವುದು ಇಪ್ಪತ್ತೆರಡು ಮಿಲಿಮೀಟರು, ಒಂದು ಇಂಚೂ ಇಲ್ಲ, ಭಯವಿಲ್ಲ. ಮುದ್ದಣ್ಣ ಕಟ್ಟಿದ. ಎರಡನೇ ವರ್ಷಕ್ಕೆ ಪೂರ್ವದ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಬಿರುಕು ಶುರುವಾಯಿತು. ಈಗ ಅದರೊಳಗೆ ಮೂರು ಬೆರಳು ತೂರುತ್ತವಂತೆ.

"ಮಣ್ಣು ಭದ್ರ ಐತೆ ಅಂತ ನಿಮ್ಮ ಕಾಗದ ಹೇಳ್ತೈತಂತೆ. ಅಂದ್ಮ್ಯಾಲೆ ಸಿಮೆಂಟ್ ಕದ್ದಿರಬೇಕು ಅಂತಾರೆ," ಎಂದ ಮುದ್ದಣ್ಣ. ಸಿಟ್ಟಿನಿಂದ ಹೇಳಲಿಲ್ಲ, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ ಹೇಳಿದ. "ಎರಡು ವರ್ಷ ಆತು, ಯಾರೂ ಕೆಲಸಕ್ಕೆ ಕರೆಯಂಗಿಲ್ಲ. ಕೋಳಿಗೂಡು ಕಟ್ಟಾಕೂ ಕರೆಯಂಗಿಲ್ಲ. ಮೊನ್ನೆ ಕಮಿಟಿಯೋರು ನಮ್ಮ ಹಟ್ಟಿ ಯಜಮಾನ್ರಿಗೆ ಹೇಳಿ ಕಳ್ಸ್ಯಾರೆ. ಬರೋ ಸೋಮವಾರ ನಮ್ಮ ದೇವ್ರು ಜುಂಜಪ್ಪನ ಗುಡಿ ಮುಂದೆ ನ್ಯಾಯಕ್ಕೆ ಕೂರಿಸ್ತಾರಂತೆ. ಅದ್ಕೇ ಆ ಮೂಲೆ ಪಕ್ಕ ನಾನೇ ಗುಂಡಿ ತೋಡಿ, ಎರಡಾಳು ಕೆಳಗಿನ ಮಣ್ಣು ಕತ್ತರಿಸಿಕೊಂಡು ಬಂದೀನಿ. ದಾರಿಯಾಗೆ ನೀರು ಚಿಮುಕಿಸ್ತಾ ಬಂದೆ. ಒಣಗಿದ್ರೆ ಮಣ್ಣು ಬೇರೇನೇ ಆಗ್ತೈತಲ್ರಿ."

ಗಂಟು ಬಿಚ್ಚಿದಳು. ಚೌಕಾಕಾರದ ಕಪ್ಪು ಹೆಂಟೆ, ಒಂದಿಷ್ಟೂ ಅಲುಗಿಲ್ಲ, ಅಂಚು ಮುಕ್ಕಾಗಿಲ್ಲ. ಬಸವೇಶ್ ಕಳಿಸುವ ಡಿಪ್ಲೊಮಾ ಹುಡುಗರಿಗೆ ಎಷ್ಟು ಹೇಳಿದರೂ ಬಾರದ ಕೆಲಸ ಇದು. ಬೆರಳಿಂದ ಒತ್ತಿದಳು, ಬೆರಳು ಇಳಿಯಿತು. ಅಷ್ಟರಲ್ಲೇ ಮಣ್ಣು ಮೆತ್ತಗಿದೆ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಅವಳಿಗೆ ಗೊತ್ತಾಗಲು ಬೆರಳೂ ಬೇಕಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಕೆಂಗುಂಟೆಯ ಬಿಲ್ಲೆ ಬಳೆಯಲ್ಲಿ ಕೂತಿದ್ದಾಗ ಗೌರಿ ಹಬ್ಬ, ಗಣಪತಿ ಹಬ್ಬ, ಹಿಂದೆಯೇ ಭಾನುವಾರ ಬಂದಿದ್ದವು. ದಾಕ್ಷಾಯಿಣಿ ಹೊಸದುರ್ಗಕ್ಕೆ ತವರಿಗೆ ಹೋದಳು. ಅಲ್ಲಿ ಯಾರಿಗಾದರೂ ಕಾಯಿಲೆಯಾಗಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಎಲ್ಲರೂ ಗುಂಡುಕಲ್ಲಿನ ಹಾಗಿದ್ದರು. ಅವಳು ಬಾಗಿನ ತೆಗೆದುಕೊಂಡಳು, ಕಡುಬು ತಿಂದಳು, ಮಧ್ಯಾಹ್ನ ಮಲಗಿದಳು. ಎರಡಂತಸ್ತಿನ ಕಟ್ಟಡದ ಭಾರಕ್ಕೆ ಸರಿಸಮನಾದ ತೂಕಗಳು ಬಿಲ್ಲೆಯ ಮೇಲೆ ಕೂರಬೇಕಾದದ್ದು ಸರಿಯಾಗಿ ಆ ಮೂರು ದಿನ. ಸೋಮವಾರ ಬರುವ ಹೊತ್ತಿಗೆ ರಿಪೋರ್ಟು ಬೇಗ ಬೇಕೆಂದು ಬಸವೇಶ್ ಎರಡು ಸಲ ಕೇಳಿಯಾಗಿತ್ತು. ಅದೇ ವಾರ ಹಿರಿಯೂರು ಕಡೆಯ ಗಟ್ಟಿ ಎರೆಮಣ್ಣಿನ ಹಾಳೆಯೊಂದು ಮೇಜಿನ ಮೇಲಿತ್ತು. ಇದೂ ಕಪ್ಪು, ಅದೂ ಕಪ್ಪು. ಅದರ ಗೆರೆ ನೋಡಿ ಮೂರು ದಿನದ ಅಂಕಿ ತುಂಬಿದಳು.

ಅಲ್ಲಿಗೇ ನಿಂತಿದ್ದರೆ ಅದು ಬರೀ ಸೋಮಾರಿತನ ಅನ್ನಬಹುದಿತ್ತು. ನಿಲ್ಲಲಿಲ್ಲ. ಮುಂದಿನ ತೂಕ ಇಟ್ಟಾಗ ಮುಳ್ಳು ಅವಳ ಸರ್ವಿಸಿನಲ್ಲಿ ಎಂದೂ ಓಡದಷ್ಟು ಓಡಿತು. ಮಣ್ಣು ಕೂಗಿ ಹೇಳಿತ್ತು. ಅವಳು ಅದನ್ನು ನೋಡಿದಳು, ಸುಮ್ಮನೆ ತೂಕ ಇಳಿಸಿದಳು, ಮಿಕ್ಕ ಅಂಕಿಗಳನ್ನೂ ಹಿರಿಯೂರಿನ ಹಾಳೆಯಿಂದಲೇ ತುಂಬಿ ಸಹಿ ಹಾಕಿದಳು. ಬಿಲ್ಲೆಯನ್ನು ಹಿತ್ತಿಲ ಗುಂಡಿಗೆ ಎಸೆದು ಕೈ ತೊಳೆದುಕೊಂಡಳು.

ಈಗ ಆ ಊರಿನ ಮೇಸ್ತ್ರಿ ಎದುರಿಗೆ ನಿಂತಿದ್ದ. ನಿಜ ಹೇಳಲು ಒಂದು ನಿಮಿಷ ಸಾಕಾಗಿತ್ತು. ಅವಳು ಹೇಳಿದ್ದು ಬೇರೆ.

"ಹತ್ತು ದಿನ ಬೇಕಾಗ್ತದೆ ಮೇಸ್ತ್ರಿ. ಅಷ್ಟರೊಳಗೆ ಹೇಳೋಕೆ ಬರಲ್ಲ."

"ಆಗ್ಲಿ ಬಿಡ್ರಿ. ಮಣ್ಣಿನ ಕೆಲಸ ಅವಸರ ಮಾಡಿದ್ರೆ ಆಗ್ತೈತಾ," ಎಂದು ಮುದ್ದಣ್ಣ ಫೋನ್ ನಂಬರು ಬರೆಸಿದ. ಹೋಗುವಾಗ ಒದ್ದೆ ಗೋಣಿಯನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡ.

ಮಂಗಳವಾರ ಮೊದಲ ತೂಕ ಇಟ್ಟಳು. ಬುಧವಾರ ಎರಡನೆಯದು. ಇಷ್ಟು ವರ್ಷದಲ್ಲಿ ಅವಳು ಇಷ್ಟು ನೇಮದಿಂದ ಯಾವ ಪರೀಕ್ಷೆಯನ್ನೂ ಮಾಡಿರಲಿಲ್ಲ. ಗಡಿಯಾರ ಹಿಡಿದು ಕಾಲು ನಿಮಿಷದ ಅಂಕಿಯನ್ನೂ ಬಿಡದೆ ಬರೆದಳು. ಬಿಲ್ಲೆಯ ಮೇಲೂ ಕೆಳಗೂ ನೀರು ಬಸಿಯಲು ಸಣ್ಣ ರಂಧ್ರದ ಕಲ್ಲುಗಳಿರುತ್ತವೆ. ತೂಕ ಬಿದ್ದಂತೆ ಮಣ್ಣಿನೊಳಗಿನ ನೀರು ಅವುಗಳ ಮೂಲಕ ಹೊರಗೆ ಬರುತ್ತದೆ, ಮಣ್ಣು ಅಷ್ಟಷ್ಟೇ ಕುಗ್ಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಮುಳ್ಳೊಂದು ತಿರುಗುತ್ತದೆ, ಅಷ್ಟೇ. ಈ ಮುಳ್ಳು ಗುರುವಾರ ತಿರುಗಿದ ರೀತಿ ನೋಡಿ ಅವಳಿಗೆ ಊಟ ಸೇರಲಿಲ್ಲ. ಶುಕ್ರವಾರ ನಾಲ್ಕನೇ ತೂಕಕ್ಕೆ ಲೆಕ್ಕ ಹಾಕಿದಳು. ಕಟ್ಟಡ ಕುಸಿಯುವುದು ಇಪ್ಪತ್ತೆರಡಲ್ಲ, ನೂರ ನಲವತ್ತು ಮಿಲಿಮೀಟರು. ಐದೂವರೆ ಇಂಚು. ಈವರೆಗೆ ಅರ್ಧವೂ ಕುಸಿದಿಲ್ಲ. ಇನ್ನೂ ಆರೇಳು ವರ್ಷ ಇಳಿಯುತ್ತಲೇ ಇರುತ್ತದೆ. ಪಶ್ಚಿಮದ ಗೋಡೆ ಹಳೇ ಕೆರೆ ಏರಿಯ ಗಟ್ಟಿ ನೆಲದ ಮೇಲಿದೆ, ಅದು ಅಲುಗುವುದಿಲ್ಲ. ಪೂರ್ವದ್ದು ಕೆರೆಯ ಹೂಳಿನ ಮೇಲಿದೆ. ಗೋಡೆ ಹರಿಯದೆ ಇನ್ನೇನಾಗಬೇಕು?

ಆವತ್ತೇ ಮಧ್ಯಾಹ್ನ ಮುದ್ದಣ್ಣನ ಫೋನು ಬಂತು.

"ಏನಾರ ಗೊತ್ತಾತಾ ಮೇಡಂ?"

ಹಾಳೆ ಎದುರಿಗೇ ಇತ್ತು. "ಇನ್ನೂ ಮುಗಿದಿಲ್ಲ ಮೇಸ್ತ್ರಿ. ಎರಡು ತೂಕ ಬಾಕಿ ಅವೆ. ಆಮೇಲೆ ತೂಕ ಇಳಿಸಿ ಬೇರೆ ನೋಡಬೇಕು."

"ಸೋಮವಾರದೊಳಗೆ ಆಗಂಗಿಲ್ಲ ಅಲ್ವಾ?"

"ಆಗಲ್ಲ."

"ಅಂದಾಜಾದ್ರೂ? ಮಣ್ಣಿಂದೇ ತಪ್ಪು ಅನ್ನಂಗೆ ಐತಾ?"

ಅವಳು ಬಾಯಿ ತೆರೆದಳು. ನಾಲ್ಕು ವರ್ಷದ ಹಿಂದಿನ ಸಹಿ, ಲ್ಯಾಬು, ಹತ್ತಿರ ಬಂದಿರುವ ಮಗಳ ಮದುವೆ ಎಲ್ಲ ಒಟ್ಟಿಗೆ ನೆನಪಾದವು. "ಅಂದಾಜು ಹೇಳೋದು ನಮ್ಮಲ್ಲಿ ಪದ್ಧತಿ ಇಲ್ಲ," ಎಂದಳು. ಇಪ್ಪತ್ತು ವರ್ಷ ಹಬ್ಬದ ಅಂಕಿ ತುಂಬಿದವಳು ಆಡಿದ ಮಾತಿದು. ಹೇಳಿದ ಮೇಲೆ ಅವಳಿಗೇ ಹೇಸಿಗೆಯಾಯಿತು.

ಶನಿವಾರ ಬಸವೇಶ್ ಲ್ಯಾಬಿನೊಳಗೆ ಬಂದವನು ಬಳೆಯ ಮೇಲಿನ ಚೀಟಿ ಓದಿ ನಿಂತ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ದಾಕ್ಷಾಯಿಣಿಗೆ ಜಗಳವಾಡಲು ಸುಲಭವಾಗುತ್ತಿತ್ತು.

"ಇದು ಯಾರ ಕೆಲಸ ದಾಕ್ಷಾಯಿಣಕ್ಕ? ರಿಜಿಸ್ಟರಲ್ಲಿ ಇಲ್ವಲ್ಲ."

ಅವಳು ಎಲ್ಲವನ್ನೂ ಹೇಳಿದಳು. ಅವನು ಸ್ಟೂಲು ಎಳೆದುಕೊಂಡು ಕೂತು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ.

"ನೀವು ಒಂದು ಹಾಳೆ ತಪ್ಪು ಅಂತ ಒಪ್ಪಿಕೊಂಡ್ರೆ ಎಲ್ಲರೂ ತಮ್ಮ ತಮ್ಮ ಹಾಳೆ ಹಿಡ್ಕೊಂಡು ಬರ್ತಾರೆ," ಎಂದ. "ಎಷ್ಟು ಹಬ್ಬ ಆಗ್ಯವೆ ಅಕ್ಕ, ಇಪ್ಪತ್ತು ವರ್ಷದಲ್ಲಿ? ಲೆಕ್ಕ ಐತಾ ನಿಮಗೆ?"

ಲೆಕ್ಕ ಇರಲಿಲ್ಲ. ಆವತ್ತು ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಕಟ್ಟಡಗಳನ್ನೇ ನೋಡಿದಳು. ಎಲ್ಲವೂ ನೆಟ್ಟಗೆ ನಿಂತಿದ್ದವು. ಯಾವುದರ ಅಡಿಯಲ್ಲಿ ನಿಜ ಇದೆ, ಯಾವುದರ ಅಡಿಯಲ್ಲಿ ತನ್ನ ಗೆರೆ ಇದೆ ಎಂದು ಹೊರಗಿಂದ ಹೇಳುವಂತಿರಲಿಲ್ಲ. ಅವಳಿಗೆ ಅಳು ಬಂತು; ಪಕ್ಕದ ಸೀಟಿನವಳು ಏನಾತಮ್ಮ ಅಂದಾಳೆಂದು ನುಂಗಿಕೊಂಡಳು.

ಭಾನುವಾರ ಹೋಗಿ ಕೊನೆಯ ತೂಕ ಇಟ್ಟಳು. ಸೋಮವಾರ ಬೆಳಿಗ್ಗೆ ಕೆಂಗುಂಟೆಗೆ ಹೋಗಲು ಹೊಳಲ್ಕೆರೆ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಪರೀಕ್ಷೆ ಪೂರ್ತಿಯಾಗದೆ ಮಾತಾಡಬಾರದು, ಅರ್ಧಂಬರ್ಧ ಹಾಳೆ ಹಿಡಿದುಕೊಂಡು ಹೋದರೆ ಯಾರೂ ನಂಬುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಕೇಳುವವರಿಗೆ ಎಷ್ಟು ಒಪ್ಪುವ ಮಾತು! ಹೆದರಿಕೆ ಶಾಸ್ತ್ರೋಕ್ತವಾಗಿ ಮಾತಾಡಲು ಕಲಿತುಬಿಟ್ಟರೆ ಅದನ್ನು ಗುರುತು ಹಿಡಿಯುವುದು ಕಷ್ಟ. ಸೋಮವಾರ, ಮಂಗಳವಾರ, ಬುಧವಾರ ತೂಕಗಳನ್ನು ಒಂದೊಂದಾಗಿ ಇಳಿಸಿದಳು. ಗುರುವಾರ ಸ್ವಚ್ಛವಾದ ಹಾಳೆಯ ಮೇಲೆ ರಿಪೋರ್ಟು ಬರೆದು ಸಹಿ ಮಾಡಿದಳು. ಬಸವೇಶ್ ಸೀಲು ಹಾಕಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಸೀಲಿನ ಡಬ್ಬಿಯನ್ನು ಡ್ರಾಯರಿಗೆ ಹಾಕಿ ಫೋನ್ ಬಂದವನಂತೆ ಹೊರಗೆ ಹೋದ.

ಕೆಂಗುಂಟೆ ತಲುಪುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಮೊದಲು ಸ್ಕೂಲಿಗೇ ಹೋದಳು. ಬಿರುಕು ದೂರದಿಂದಲೇ ಕಾಣುತ್ತಿತ್ತು. ಒಳಗೆ ಮಕ್ಕಳು ಪದ್ಯ ಹೇಳುತ್ತಿದ್ದವು. ರೇವಣಸಿದ್ದಪ್ಪ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಿವೃತ್ತರಾಗಿ ಹತ್ತು ವರ್ಷವಾದರೂ ದಿನಾ ಬಂದು ಕೂರುತ್ತಿದ್ದರು. ಬಿಳಿ ಜುಬ್ಬ, ಹಣೆಯಲ್ಲಿ ವಿಭೂತಿ. ಅವಳು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ಒಳಗಿಂದ ಫೈಲು ತಂದು ಹಳೇ ರಿಪೋರ್ಟನ್ನು ಹೊಸದರ ಪಕ್ಕ ಇಟ್ಟರು.

"ಎರಡರಾಗೂ ನಿನ್ನ ಸಹಿನೇ ಐತೆ ತಾಯಿ," ಎಂದರು. "ಇದರಾಗೆ ಸೀಲೈತೆ. ನೀನು ಈಗ ತಂದದ್ರಾಗೆ ಅದೂ ಇಲ್ಲ. ಯಾವುದನ್ನ ನಂಬಾಣ?"

"ನಾನು ಹೇಳ್ತಾ ಇದೀನಲ್ಲ ಸರ್. ಹಳೇದು ನಾನು ಕೂತು ಬರೆದ ಸುಳ್ಳು."

"ಸುಳ್ಳು ಬರೆದೋಳು ಈಗ ನಿಜ ಹೇಳ್ತಾಳೆ ಅಂತ ನಾನು ಹೆಂಗಮ್ಮ ತಿಳ್ಕೋಬೇಕು?" ಅವರ ದನಿಯಲ್ಲಿ ಕುಹಕವಿರಲಿಲ್ಲ, ದಣಿವಿತ್ತು. "ಅದೂ ಅಲ್ಲದೆ ವಿಷಯ ಮುಗೀತು. ಸೋಮವಾರ ಮುದ್ದಣ್ಣ ಒಪ್ಪಿಕೊಂಡ. ಜುಂಜಪ್ಪನ ಮುಂದೆ ಕರ್ಪೂರ ಹಚ್ಚಿ, ಸಿಮೆಂಟ್ ಕಮ್ಮಿ ಹಾಕಿದ್ದೆ ಅಂತ ಹೇಳಿ, ಉರಿಯೋದನ್ನ ಕೈಯಿಂದ ಆರಿಸ್ದ. ನಾನೂ ಇದ್ದೆ. ಹಟ್ಟಿಯೋರಿಗೆ ಅದಕ್ಕಿಂತ ದೊಡ್ಡ ಪ್ರಮಾಣ ಇಲ್ಲ."

ದಾಕ್ಷಾಯಿಣಿ ಪೂರ್ವದ ಬಿರುಕಿನತ್ತ ತಿರುಗಿದಳು. "ಪೂರ್ವದ ಕೋಣೆಗಳಲ್ಲಿ ಮಕ್ಕಳನ್ನ ಕೂರಿಸಬೇಡಿ ಸರ್," ಎಂದಳು. "ನನ್ನ ಮೇಲೆ ಏನು ಕ್ರಮ ಬೇಕಾದ್ರೂ ತಗೊಳ್ಳಿ. ಅದೊಂದು ಮಾಡಿ." ಅವರು ಹೊಸ ಕಾಗದವನ್ನು ವಾಪಸ್ಸು ಕೊಡಲಿಲ್ಲ; ಮಡಚಿ ಜುಬ್ಬದ ಜೇಬಿಗೆ ಹಾಕಿಕೊಂಡರು.

ಹಟ್ಟಿ ಊರಾಚೆಗಿತ್ತು. ಮುದ್ದಣ್ಣನ ಮನೆಯ ಮುಂದೆ ಅವನ ಹೆಂಡತಿ ಜುಂಜಮ್ಮ ಕುರಿಮರಿಗೆ ಸೊಪ್ಪು ಕಟ್ಟುತ್ತಿದ್ದಳು. ದುರ್ಗದ ಮೇಡಂ ಎಂದು ತಿಳಿದ ಕೂಡಲೇ "ಬರ್ರಿ, ಕುಂತ್ಕಳ್ರಿ," ಎಂದು ಕಂಬಳಿ ಹಾಸಿ ನೀರು ಕೊಟ್ಟಳು. ಮುದ್ದಣ್ಣ ಒಳಗಿಂದ ಬಂದ. ಬಲಗೈಗೆ ಬಟ್ಟೆ ಸುತ್ತಿತ್ತು, ಅಂಚಿನಲ್ಲಿ ಅರಿಶಿನದ ಕಲೆ.

ಅವಳು ನಿಂತೇ ಹೇಳಿದಳು. ಹೂಳು, ಐದೂವರೆ ಇಂಚು, ಹಿರಿಯೂರಿನ ಹಾಳೆ, ಗೌರಿ ಹಬ್ಬ. ಏನನ್ನೂ ಬಿಡಲಿಲ್ಲ. ಮುದ್ದಣ್ಣ ಹೊಸ್ತಿಲ ಮೇಲೆ ಕೂತು ಕೇಳಿದ.

"ಹಂಗಾರೆ ಸಿಮೆಂಟ್ ಕಮ್ಮಿ ಆಗಿರಲಿಲ್ವಾ?" ಎಂದು ಕೇಳಿದ.

"ಇಲ್ಲ ಮೇಸ್ತ್ರಿ. ನಿಮ್ಮ ಕೆಲಸದಲ್ಲಿ ಏನೂ ತಪ್ಪಿಲ್ಲ."

"ನನಗೂ ಮೊದಮೊದಲು ಹಂಗೇ ಅನ್ನಿಸ್ತಿತ್ತು," ಎಂದ ಅವನು, ಯೋಚಿಸುತ್ತಾ. "ಒಂದು ಸಿಮೆಂಟಿಗೆ ಆರು ಮರಳು ಕಲಸಿದ್ದೆ. ಒಂದೊಂದು ಬಾಣಲಿನೂ ನೆನಪಿತ್ತು. ಎಲ್ಲಾರೂ ಕಾಗದ ತೋರ್ಸಿ ತೋರ್ಸಿ ಹೇಳಿದ್ಮ್ಯಾಲೆ ನೆನಪೇ ಕಲಸಿಹೋತು. ಓದಿದೋರು ಯಾಕೆ ಸುಳ್ಳು ಬರೀತಾರೆ? ಆಳುಗಳು ಕಲಸುವಾಗ ನಾನೇ ಎಲ್ಲೋ ಕಣ್ಣು ತಪ್ಪಿಸಿರಬೇಕು ಅಂದ್ಕಂಡೆ. ನೀವೂ ಫೋನಿನಾಗೆ ಏನೂ ಹೇಳಲಿಲ್ಲ. ಮಣ್ಣಿಂದು ತಪ್ಪಿದ್ದಿದ್ರೆ ಅಷ್ಟೊತ್ತಿಗೆ ಹೇಳ್ತಿದ್ರು ಅನ್ನಿಸ್ತು. ಅದ್ಕೇ ಒಪ್ಪಿಕೊಂಡ್ಬಿಟ್ಟೆ."

ಜುಂಜಮ್ಮ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟಳು. "ಅವತ್ತು ಇವರು ಫೋನ್ ಮಾಡಿದಾಗ ನಿಮಗೆ ಗೊತ್ತಿತ್ತೇನಮ್ಮ?"

ಎದುರಿಗೆ ಯಾವ ಹಾಳೆಯೂ ಇರಲಿಲ್ಲ, ನೋಡಿ ಬರೆಯಲು ಯಾವ ಗೆರೆಯೂ ಇರಲಿಲ್ಲ.

"ಗೊತ್ತಿತ್ತು," ಎಂದಳು ದಾಕ್ಷಾಯಿಣಿ.

ಜುಂಜಮ್ಮ ನೀರಿನ ಚೊಂಬು ಎತ್ತಿಕೊಂಡು ಒಳಗೆ ಹೋದಳು, ಮತ್ತೆ ಬರಲಿಲ್ಲ.

ಮುದ್ದಣ್ಣ ಎಡಗೈ ಊರಿ ಎದ್ದು ಟವೆಲು ಹೆಗಲಿಗೆ ಹಾಕಿಕೊಂಡ. "ಬರ್ರಿ ಹೋಗಾಣ," ಎಂದ.

"ಎಲ್ಲಿಗೆ?"

"ಗುಡಿಗೆ. ನಾನು ಮಾಡದ್ದನ್ನ ಮಾಡಿದೆ ಅಂತ ಆಣೆ ಇಟ್ಟೀನಿ. ಸುಳ್ಳು ಆಣೆ ಅಂತ ನನಗೆ ಗೊತ್ತಿರಲಿಲ್ಲ. ಅದನ್ನ ನೀವೇ ಹೇಳ್ರಿ ಅಲ್ಲಿ."

ಗುಡಿ ಎಂದರೆ ಬೇವಿನ ಮರದ ಕೆಳಗಿನ ಒಂದು ಸಣ್ಣ ಕೋಣೆ. ಬಾಗಿಲು ಹಾಕಿತ್ತು, ಪೂಜಾರಿ ಕುರಿ ಹೊಡೆದುಕೊಂಡು ಹೋಗಿದ್ದ. ಮುಂದಿನ ಕಲ್ಲಿನ ಮೇಲೆ ಕರ್ಪೂರ ಉರಿದ ಕಪ್ಪು ಇನ್ನೂ ಇತ್ತು. ಸುತ್ತ ಯಾರೂ ಇರಲಿಲ್ಲ. ದಾಕ್ಷಾಯಿಣಿ ಚಪ್ಪಲಿ ಬಿಟ್ಟು, ಮುಚ್ಚಿದ ಬಾಗಿಲಿಗೆ ಕೈಮುಗಿದು, ಸಣ್ಣ ದನಿಯಲ್ಲಿ ಹೇಳಿದಳು: ಸ್ಕೂಲಿನ ಗೋಡೆ ಹರಿದದ್ದು ಮಣ್ಣಿನಿಂದ, ಮಣ್ಣಿನ ಅಂಕಿ ಸುಳ್ಳು ಬರೆದದ್ದು ನಾನು, ಮುದ್ದಣ್ಣ ಏನೂ ಕದ್ದಿಲ್ಲ. ಹೇಳಿ ಮುಗಿಸಿ ತಿರುಗಿದಳು.

ಅವನು ಅಲ್ಲಾಡಲಿಲ್ಲ. ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಆನಿಸಿಕೊಂಡು ನಿಂತೇ ಇದ್ದ.

"ಇನ್ನೊಂದು ಸಲ ಹೇಳ್ರಿ ಮೇಡಂ. ಜೋರಾಗಿ ಹೇಳ್ರಿ," ಎಂದ ಮುದ್ದಣ್ಣ. "ಅವತ್ತು ಊರೆಲ್ಲಾ ಇತ್ತು."